ಉಳಿ ಹಿಡಿದ ಕೈಗೊಂದು ಪರೀಕ್ಷೆ

ಬಡಗಿಯ ಕೆಲಸಕ್ಕೂ ಸ್ಪರ್ಧೆಯೇ ಎಂದು ಕೆಲವರು ಕೇಳುವುದುಂಟು. ಓಟಕ್ಕೆ, ಭಾಷಣಕ್ಕೆ, ಚಿತ್ರಕ್ಕೆ, ನೃತ್ಯಕ್ಕೆ ಸ್ಪರ್ಧೆ ಇರುವುದು ಎಲ್ಲರಿಗೂ ಗೊತ್ತು. ಆದರೆ ಮರಕ್ಕೆ ಗೆರೆ ಎಳೆದು, ಗರಗಸದಿಂದ ಕೊಯ್ದು, ಉಳಿಯಿಂದ ಕೊರೆದು, ಸಂದು ಕೂಡಿಸುವುದಕ್ಕೂ ಸ್ಪರ್ಧೆ ಉಂಟು. ಅದೂ ಎಲ್ಲೋ ದೂರದಲ್ಲಲ್ಲ, ನಮ್ಮ ಶಾಲೆಗಳಲ್ಲೇ ಉಂಟು!

ಕೇರಳದ ಶಾಲಾ ಶಾಸ್ತ್ರೋತ್ಸವದಲ್ಲಿ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಐಟಿ ಮೇಳಗಳ ಜೊತೆಗೆ ವೃತ್ತಿ ಪರಿಚಯ ಮೇಳವೂ ನಡೆಯುತ್ತದೆ. ಕೊಡೆ ತಯಾರಿ, ಚಾಕ್ ತಯಾರಿ, ಪುಸ್ತಕದ ಬೈಂಡಿಂಗ್, ತೆಂಗಿನ ಗೆರಟೆಯ ಕೆಲಸ, ಬಿದಿರಿನ ಕೆಲಸ, ಇವುಗಳ ಸಾಲಿನಲ್ಲೇ ಮರದ ಕೆಲಸ ಮತ್ತು ಮರದ ಕೆತ್ತನೆ ಕೂಡ ಇವೆ. ಮಕ್ಕಳು ತಮ್ಮ ಸಾಮಗ್ರಿ, ಹತ್ಯಾರು ತಾವೇ ಹೊತ್ತು ತರಬೇಕು. ಮನೆಯಲ್ಲಿ ಮಾಡಿ ತಂದದ್ದಕ್ಕೆ ಇಲ್ಲಿ ಬೆಲೆಯಿಲ್ಲ. ತೀರ್ಪುಗಾರರ ಕಣ್ಣೆದುರೇ ಮೂರು ಗಂಟೆಯೊಳಗೆ ವಸ್ತು ತಯಾರಾಗಬೇಕು. ಶಾಲೆಯಲ್ಲಿ ಗೆದ್ದವರು ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ ಹೋಗುತ್ತಾರೆ.

ಕಲೋತ್ಸವಕ್ಕೆ ಸೇರುವ ಜನ ಈ ಮೇಳಕ್ಕೆ ಸೇರುವುದಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂದರೂ ಒಂದು ಮೂಲೆಯಲ್ಲಿ. ಹಾಗಿದ್ದರೂ ಈ ಪುಟ್ಟ ಸ್ಪರ್ಧೆಯ ಹಿಂದೆ ಬಹಳ ದೊಡ್ಡ ಚರಿತ್ರೆ ಇದೆ. ಕಸುಬು ಯಾರದ್ದು, ಅದನ್ನು ಯಾರು ಕಲಿಯಬಹುದು, ಕಲಿತವನು ಮಾಡಿದ ವಸ್ತು ಯಾರಿಗೆ ಸೇರಬೇಕು ಎಂಬ ಮೂರು ಪ್ರಶ್ನೆಗಳ ಚರಿತ್ರೆ ಅದು. ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಮೂರು ನಾಡು, ಮೂರು ಕಥೆ

ನಾವು ಗಡಿನಾಡಿನವರು. ದೇಲಂಪಾಡಿ ಎಂದರೆ ಕಾಸರಗೋಡು ಜಿಲ್ಲೆಯ ಪೂರ್ವದ ಅಂಚು. ಸ್ವಲ್ಪ ಆಚೆ ಹೋದರೆ ಪುತ್ತೂರು, ಸುಳ್ಯದ ಕಡೆಯ ಊರುಗಳು. ಸುಳ್ಯದಿಂದ ಇಳಿದು ಬರುವ ಪಯಸ್ವಿನಿ ಹೊಳೆಗೆ ಗಡಿಯ ಲೆಕ್ಕವಿಲ್ಲ. ಹಾಗೆಯೇ ಇಲ್ಲಿ ಕನ್ನಡ, ತುಳು, ಮಲಯಾಳಗಳ ಕಥೆಗಳೂ ಒಂದೇ ಜಗಲಿಯಲ್ಲಿ ಕೂತುಕೊಳ್ಳುತ್ತವೆ. ಆಶ್ಚರ್ಯವೆಂದರೆ ಈ ಮೂರು ಭಾಷೆಗಳಲ್ಲೂ ಗುರುವಿನ ಕೈಗೂ ಶಿಷ್ಯನ ಕೈಗೂ ನಡೆದ ಪೈಪೋಟಿಯ ಕಥೆ ಒಂದೊಂದು ಇದೆ.

ಕನ್ನಡದ ಜಕಣಾಚಾರಿಯ ಕಥೆ ನಿಮಗೆಲ್ಲ ಗೊತ್ತು. ಬೇಲೂರಿನಲ್ಲಿ ಅವನು ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ಗಂಧ ಲೇಪಿಸಿ ನೋಡಿದರೆ ಹೊಕ್ಕುಳಿನ ಬಳಿ ಅದು ಒಣಗುವುದಿಲ್ಲ. ಒಡೆದರೆ ಒಳಗೆ ನೀರು, ಕಪ್ಪೆ! ಮಾತಿಗೆ ಕಟ್ಟುಬಿದ್ದು ಜಕಣ ತನ್ನ ಬಲಗೈಯನ್ನೇ ಕಡಿದುಕೊಳ್ಳುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಹುಡುಗ ತನ್ನ ಮಗನೇ ಎಂದು.

ಮಲಯಾಳದ ಪೆರುಂತಚ್ಚನ್ ಮರದ ಕೆಲಸದವನು. ಮಗ ತನ್ನನ್ನು ಮೀರಿಸುತ್ತಿದ್ದಾನೆ ಎಂಬ ಮಾತು ಊರಲ್ಲಿ ಹರಡುತ್ತದೆ. ಒಂದು ದಿನ ಅಪ್ಪ ಮೇಲೆ ಮಾಡಿನಲ್ಲಿ, ಮಗ ಕೆಳಗೆ. ಅಪ್ಪನ ಕೈಯಿಂದ ಹತ್ಯಾರು ಜಾರಿ ಮಗನ ಕುತ್ತಿಗೆಗೆ ಬೀಳುತ್ತದೆ. ಜಾರಿತೋ, ಜಾರಿಸಿದನೋ ಎಂಬುದನ್ನು ಜನ ಇವತ್ತಿಗೂ ಚರ್ಚಿಸುತ್ತಾರೆ.

ತುಳುವಿನ ಕಲ್ಕುಡನ ಪಾಡ್ದನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಇಂಥದ್ದನ್ನು ಬೇರೆ ಊರಿನಲ್ಲಿ ಮಾಡಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಒಂದೇ ಕೈ, ಒಂದೇ ಕಾಲಲ್ಲಿ ಅವನು ವೇಣೂರಿನ ಗೊಮ್ಮಟನನ್ನು ಮಾಡಿಕೊಡುತ್ತಾನೆ. ಚರಿತ್ರೆಯ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 1604ರದ್ದು. ನಡುವೆ 172 ವರ್ಷ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿರಲಾರ. ಆದರೆ ಪಾಡ್ದನ ಹೇಳುತ್ತಿರುವುದು ಇಸವಿಯನ್ನಲ್ಲ. ಕಸುಬು ಅರಸನ ಸೊತ್ತೋ, ಊರೂರಿನ ಸೊತ್ತೋ ಎಂಬುದನ್ನು ಅದು ಕೇಳುತ್ತಿದೆ. ಕಲ್ಕುಡ ದೈವವಾಗಿ ಇಂದಿಗೂ ತುಳುನಾಡಿನಲ್ಲಿ ಕೋಲ ಪಡೆಯುತ್ತಿರುವುದರಿಂದ ಜನ ಯಾರ ಪಕ್ಷ ಎಂಬುದು ಸ್ಪಷ್ಟವೇ ಇದೆ.

ಮೂರೂ ಕಥೆಗಳಲ್ಲಿ ಒಂದು ಸಮಾನ ಅಂಶವಿದೆ. ಕೈಚಳಕದ ಪರೀಕ್ಷೆ ರಕ್ತದಲ್ಲಿ ಮುಗಿಯುತ್ತದೆ. ಯಾಕೆ? ವಿದ್ಯೆ ಒಂದೇ ಮನೆಯೊಳಗೆ ಇದ್ದಾಗ, ಒಬ್ಬನ ಗೆಲುವು ಇನ್ನೊಬ್ಬನ ಅನ್ನಕ್ಕೆ ಕುತ್ತು. ಹಾಗಾಗಿ ಪೈಪೋಟಿ ಎಂದರೆ ಪ್ರಾಣಸಂಕಟ.

ಊರೇ ತೀರ್ಪುಗಾರ

ಕಥೆಯಾಚೆಗೆ, ನಮ್ಮ ಹಳ್ಳಿಗಳಲ್ಲಿ ಆಚಾರಿಯ ಹುಡುಗನಿಗೆ ಪ್ರತ್ಯೇಕ ಪರೀಕ್ಷೆ ಎಂಬುದು ಇರಲಿಲ್ಲ. ಕೆಲಸವೇ ಪರೀಕ್ಷೆ. ಮೊದಲು ಹತ್ಯಾರು ಮಸೆಯುವುದು, ಆಮೇಲೆ ಕೊಡತಿ ಹಿಡಿಯುವುದು, ಆಮೇಲೆ ಕೀಸುಳಿ ಹಾಕುವುದು. ಗೆರೆ ಎಳೆಯುವ ಅಧಿಕಾರ ಎಲ್ಲಕ್ಕಿಂತ ಕೊನೆಗೆ. ತಪ್ಪು ಗೆರೆ ಎಳೆದರೆ ಒಂದು ಹಲಸಿನ ಮರವೇ ಹಾಳು! ನೇಗಿಲು ಗದ್ದೆಯಲ್ಲಿ ಓಡಬೇಕು, ಬಾಗಿಲು ಮಳೆಗಾಲದಲ್ಲಿ ಬಿಗಿಯಬಾರದು, ತೊಟ್ಟಿಲು ಕಿರುಗುಟ್ಟಬಾರದು. ಅಂಕ ಹಾಕುವವರು ಆ ವಸ್ತುವನ್ನು ಬಳಸುವವರೇ.

ಯಕ್ಷಗಾನವನ್ನೇ ತೆಗೆದುಕೊಳ್ಳಿ. ದೇಲಂಪಾಡಿಯ ಬನಾರಿ ಎಂದೊಡನೆ ನೆನಪಾಗುವುದು ಕೀರಿಕ್ಕಾಡು ವಿಷ್ಣು ಭಟ್ಟರು ಮತ್ತು ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘ. ವೇಷ, ಮಾತುಗಾರಿಕೆ, ಹಾಡುಗಳ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಆದರೆ ಚೆಂಡೆಯ ಕಳಸಿಗೆ ಹಲಸಿನ ಮರ ಬೇಕು, ಅದರ ಒಳಗನ್ನು ಹದವಾಗಿ ಕೊರೆಯುವ ಕೈ ಬೇಕು. ಕಿರೀಟ, ಭುಜಕೀರ್ತಿಗಳಿಗೆ ಹಗುರವಾದ ಮರ ಬೇಕು, ತೆಳ್ಳಗೆ ಕೆತ್ತುವ ಉಳಿ ಬೇಕು. ರಾತ್ರಿಯಿಡೀ ಕುಣಿಯುವ ವೇಷಧಾರಿಯ ಕುತ್ತಿಗೆಯೇ ಅಲ್ಲಿ ತೀರ್ಪುಗಾರ. ಮಧೂರು ದೇವಸ್ಥಾನದ ಮರದ ಕೆತ್ತನೆಗಳನ್ನು ತಲೆಯೆತ್ತಿ ನೋಡಿದವರಿಗೆ ನಮ್ಮ ಸೀಮೆಯ ಉಳಿ ಎಷ್ಟು ಪಳಗಿದ್ದೆಂದು ಹೇಳಬೇಕಾಗಿಲ್ಲ. ಅಲ್ಲಿ ಕೆತ್ತಿದವರು ತಮ್ಮ ಹೆಸರನ್ನು ಮುಂದೆ ಮಾಡಲಿಲ್ಲ. ವಸ್ತು ಮಾತ್ರ ಊರಿಗೆ ಉಳಿಯಿತು.

ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ಈ ವಿದ್ಯೆ ಒಂದು ಕುಲದೊಳಗೆ ಮುಚ್ಚಿಕೊಂಡಿತ್ತು. ಆಚಾರಿ ಮನೆಯ ಹುಡುಗನಿಗೆ ಬೇರೆ ದಾರಿ ಕಷ್ಟ. ಬೇರೆ ಮನೆಯ ಹುಡುಗನಿಗೆ ಈ ದಾರಿ ಕಷ್ಟ. ಹುಡುಗಿಯರ ಮಾತಂತೂ ಇರಲೇ ಇಲ್ಲ.

ಯಾರೂ ಹತ್ತದ ಮೆಟ್ಟಿಲು

ಯೂರೋಪಿನಲ್ಲೂ ಕಸುಬು ಬೇಲಿಯೊಳಗೇ ಇತ್ತು. ಅಲ್ಲಿ ಬೇಲಿ ಹಾಕಿದ್ದು ಕುಲವಲ್ಲ, ಕಸುಬುದಾರರ ಸಂಘ. ಹುಡುಗ ಮೊದಲು ಶಿಷ್ಯ, ಆಮೇಲೆ ಊರೂರು ತಿರುಗಿ ದುಡಿಯುವ ಕೆಲಸಗಾರ. ಕೊನೆಗೆ ತನ್ನ ಕೈಯ ಒಂದು ಶ್ರೇಷ್ಠ ವಸ್ತುವನ್ನು ಮಾಡಿ ಹಿರಿಯರ ಮುಂದಿಟ್ಟು, ಅವರು ಒಪ್ಪಿದರೆ ಗುರು. ಫ್ರಾನ್ಸಿನ ಕೊಂಪನ್ಯೊನಾಜ್ ಎಂಬ ಪದ್ಧತಿಯಲ್ಲಿ ಇದು ಇಂದಿಗೂ ಜೀವಂತವಾಗಿದೆ. ಅಲ್ಲಿನ ಹುಡುಗ ಹುಡುಗಿಯರು ದೇಶ ಸುತ್ತಿ ಕಸುಬು ಕಲಿಯುತ್ತಾರೆ. 2010ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಇಂಥ ಪರೀಕ್ಷಾ ವಸ್ತುಗಳಿಗಾಗಿಯೇ ಒಂದು ಮ್ಯೂಸಿಯಂ ಇದೆ. ಸುರುಳಿ ಮೆಟ್ಟಿಲುಗಳ, ಮಾಡುಗಳ ಅತಿ ಸೂಕ್ಷ್ಮವಾದ ಚಿಕ್ಕ ಮಾದರಿಗಳು ಅಲ್ಲಿವೆ. ನೋಡಿದರೆ ಬೆರಗಾಗಬೇಕು. ಆದರೆ ಆ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ! ನಮ್ಮ ಆಚಾರಿಯ ಹುಡುಗನಿಗೆ ಇದನ್ನು ತೋರಿಸಿದರೆ ಏನೆನ್ನಬಹುದು? ಇಷ್ಟು ಸೊಗಸಾದ ಕೆಲಸ, ಮನುಷ್ಯನ ಅಳತೆಗೇ ಮಾಡಬಾರದಿತ್ತೇ ಎನ್ನಬಹುದಲ್ಲವೇ?

ಆ ಯೂರೋಪಿನ ಕಸುಬಿನ ಗಾಳಿ ನಮ್ಮ ಕಡೆಗೂ ಬೀಸಿತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಅದರ ಹಿಂದೆ ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಬಂದವು. 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಹೆಂಚಿನ ಕಾರ್ಖಾನೆ ನಮ್ಮೂರಿನ ಬಡಗಿಯ ಅಳತೆಯನ್ನೇ ಬದಲಿಸಿತು ಎಂದರೆ ತಪ್ಪಲ್ಲ. ಮುಳಿಹುಲ್ಲಿನ ಮಾಡಿಗೆ ಅಂತರ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತಿತ್ತು. ಮಂಗಳೂರು ಹೆಂಚು ಯಂತ್ರದಲ್ಲಿ ಒತ್ತಿದ್ದು, ಎಲ್ಲವೂ ಒಂದೇ ಗಾತ್ರ. ರೀಪಿನಿಂದ ರೀಪಿಗೆ ಅಂತರ ಒಂದೇ ಇರಬೇಕು, ಇಲ್ಲವಾದರೆ ಹೆಂಚು ಕೂರುವುದಿಲ್ಲ, ಮಳೆ ಒಳಗೆ! 24 ಅಂಗುಲದ ಕೋಲಿನಲ್ಲಿ ಅಳೆಯುತ್ತಿದ್ದವರು ಅಡಿ, ಇಂಚು ಕಲಿತರು. ಒಂದೇ ನಕ್ಷೆ, ಒಂದೇ ಅಳತೆ, ಹಲವು ಕೈ ಎಂಬ ಅಭ್ಯಾಸ ಹೀಗೆ ಬೆಳೆಯಿತು. ಇವತ್ತಿನ ಸ್ಪರ್ಧೆಗಳೆಲ್ಲ ನಿಂತಿರುವುದು ಈ ಅಭ್ಯಾಸದ ಮೇಲೆಯೇ.

ಶಾಲೆಯೊಳಗೆ ಉಳಿ ಬಂದದ್ದು

ಉಳಿ ಶಾಲೆಯೊಳಗೆ ಬರಲು ಗಾಂಧೀಜಿ ಬೇಕಾಯಿತು. 1937ರಲ್ಲಿ ವಾರ್ಧಾದಲ್ಲಿ ಅವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ಪಾಠಗಳು ಒಂದು ಕಸುಬಿನ ಸುತ್ತ ಹೆಣೆದುಕೊಳ್ಳಬೇಕಿತ್ತು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ರೂಪ ಕೊಟ್ಟಿತು. ಆ ಕಸುಬುಗಳಲ್ಲಿ ನೂಲುವುದು, ನೇಯುವುದರ ಜೊತೆ ಬಡಗಿ ಕೆಲಸವೂ ಇತ್ತು. ಮಕ್ಕಳು ಮಾಡಿದ ವಸ್ತು ಬಳಕೆಗೆ ಬರಬೇಕು, ಅದರಿಂದ ಶಾಲೆಯ ಖರ್ಚೂ ಹುಟ್ಟಬೇಕು ಎಂಬುದು ಗಾಂಧೀಜಿಯ ಆಸೆ. ಬ್ರಾಹ್ಮಣರ ಹುಡುಗನೂ ರೆಂಟೆ, ಉಳಿ ಹಿಡಿಯಬೇಕು, ಹರಿಜನರ ಹುಡುಗನೂ ಪುಸ್ತಕ ಹಿಡಿಯಬೇಕು ಎಂಬುದು ಅದರ ಒಳಗಿನ ಅರ್ಥ.

ಅದಾಗಿ ಹದಿನಾರು ವರ್ಷಕ್ಕೆ ಇನ್ನೊಂದು ಯೋಜನೆ ಬಂತು. ಮೇಲ್ನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಅಜಗಜಾಂತರ! 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಕ್ರಮ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ. ಉಳಿದ ಹೊತ್ತು ಹೆತ್ತವರ ಜೊತೆ ಮನೆಯ ಕಸುಬು. ಅಂದರೆ ಬಡಗಿಯ ಮಗ ಬಡಗಿ, ಕ್ಷೌರಿಕನ ಮಗ ಕ್ಷೌರಿಕ. ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸ್ ರಾಜ್ಯದಲ್ಲೇ ಇತ್ತು. ಹಾಗಾಗಿ ಇದು ನಮ್ಮ ಅಜ್ಜಂದಿರ ಕಾಲದ ನಮ್ಮದೇ ಚರಿತ್ರೆ, ತಮಿಳುನಾಡಿನದು ಮಾತ್ರವಲ್ಲ. ಪೆರಿಯಾರರು ಇದನ್ನು ಕುಲಕಸುಬಿನ ಶಿಕ್ಷಣ ಎಂದು ಕರೆದು ದೊಡ್ಡ ಚಳವಳಿಯನ್ನೇ ನಡೆಸಿದರು. 1954ರ ಏಪ್ರಿಲಿನಲ್ಲಿ ರಾಜಾಜಿ ಕೆಳಗಿಳಿದರು. ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಮಗುವಿನ ಕೈಯಲ್ಲಿ ಉಳಿ ಇದೆ. ಒಂದರಲ್ಲಿ ಯಾವ ಮಗುವಾದರೂ ಹಿಡಿಯಬಹುದಾದ ಉಳಿ. ಇನ್ನೊಂದರಲ್ಲಿ ಅಪ್ಪ ಹಿಡಿದಿದ್ದ ಕಾರಣಕ್ಕೆ ಮಗನೂ ಹಿಡಿಯಬೇಕಾದ ಉಳಿ. ಕಸುಬಿನ ಶಿಕ್ಷಣದ ಹೆಸರು ಎತ್ತಿದಾಗೆಲ್ಲ ಹಿಂದುಳಿದವರು ಇಂದಿಗೂ ಅನುಮಾನದಿಂದ ನೋಡುವುದಕ್ಕೆ ಈ ಅನುಭವವೇ ಕಾರಣ. ಆ ಅನುಮಾನದಲ್ಲಿ ನ್ಯಾಯ ಇಲ್ಲ ಎನ್ನುವಂತಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಎಲ್ಲ ಮಕ್ಕಳಿಗೂ ವೃತ್ತಿಯ ಅನುಭವ ಬೇಕು ಎಂದಿತು. ನಮ್ಮ ವೃತ್ತಿ ಪರಿಚಯ ಮೇಳದ ಹೆಸರಿನ ಹಿಂದೆ ಇರುವುದು ಆ ಮಾತೇ. ಶಾಲೆಯ ಹೊರಗೆ, ಅಪ್ರೆಂಟಿಸ್ ಕಾಯಿದೆ 1961ರಲ್ಲಿ ಬಂತು. ಐಟಿಐಗಳಲ್ಲಿ ಬಡಗಿ ಕೆಲಸ ಒಂದು ವರ್ಷದ ಕೋರ್ಸು. ಎಂಟನೇ ತರಗತಿ ಪಾಸಾದವರಿಗೂ ಅದರ ಬಾಗಿಲು ತೆರೆದಿದೆ. ಸೇರುವಾಗ ಅಪ್ಪನ ಕಸುಬೇನೆಂದು ಯಾರೂ ಕೇಳುವುದಿಲ್ಲ. ಸಣ್ಣ ಸಂಗತಿ ಅನ್ನಿಸಬಹುದು. ಪೆರುಂತಚ್ಚನ ಕಥೆ ಓದಿದ ಮೇಲೆ ಸಣ್ಣದಲ್ಲ.

ಮ್ಯಾಡ್ರಿಡಿನಿಂದ ಲಿಯೋನ್ ತನಕ

ಕಲಿಯುವ ಹುಡುಗರ ಕೈಚಳಕಕ್ಕೆ ದೊಡ್ಡ ಸ್ಪರ್ಧೆ ಏರ್ಪಡಿಸುವ ಕ್ರಮ ಬೆಳೆದದ್ದು ಸ್ಪೇನಿನಲ್ಲಿ. ಅಂತರ್ಯುದ್ಧ ಮುಗಿದು ದೇಶ ಬಡವಾಗಿತ್ತು, ಫ್ರಾಂಕೋನ ಸರ್ವಾಧಿಕಾರ ನಡೆಯುತ್ತಿತ್ತು, ಕುಶಲ ಕೆಲಸಗಾರರ ಕೊರತೆ ಇತ್ತು. ಕಸುಬು ಕಲಿಯುವುದು ಗೌರವದ ವಿಷಯ ಎಂದು ಹುಡುಗರಿಗೂ ಹೆತ್ತವರಿಗೂ ತೋರಿಸುವುದು ಹೇಗೆ? ಹೋಸೆ ಅಂತೋನಿಯೋ ಎಲೋಲಾ ಎಂಬ ಅಧಿಕಾರಿಗೆ ಹೊಳೆದದ್ದು ಸ್ಪರ್ಧೆ. 1947ರಲ್ಲಿ ದೇಶದೊಳಗೆ ಮೊದಲ ಸ್ಪರ್ಧೆ ಆಯಿತು. 1950ರಲ್ಲಿ ನೆರೆಯ ಪೋರ್ಚುಗಲನ್ನು ಕರೆದರು. ಎರಡೂ ದೇಶಗಳಿಂದ ತಲಾ 12 ಮಂದಿ ಮ್ಯಾಡ್ರಿಡಿನಲ್ಲಿ ಸೇರಿದರು. 1953ರಲ್ಲಿ ಜರ್ಮನಿ, ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮೊದಲಾದವು ಬಂದವು. ಇಂದಿನ ವರ್ಲ್ಡ್ ಸ್ಕಿಲ್ಸ್ ಸ್ಪರ್ಧೆ ಇದೇ.

ಅಲ್ಲಿ ಮರದ ಕೆಲಸ ಒಂದೇ ವಿಭಾಗವಲ್ಲ. ಮಾಡು, ಚೌಕಟ್ಟು ಕಟ್ಟುವ ಬಡಗಿ ಕೆಲಸ ಬೇರೆ, ಬಾಗಿಲು ಕಿಟಕಿ ಕೂಡಿಸುವ ಕೆಲಸ ಬೇರೆ, ಪೀಠೋಪಕರಣ ಬೇರೆ. ನಕ್ಷೆ ಎಲ್ಲರಿಗೂ ಒಂದೇ. ಸಂದು ಎಷ್ಟು ಬಿಗಿಯಾಗಿದೆ, ಕೋನ ಎಷ್ಟು ಸರಿಯಾಗಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಭಾರತಕ್ಕೆ ಅಲ್ಲಿ ಮೊದಲ ಚಿನ್ನ ಸಿಕ್ಕಿದ್ದು 2019ರಲ್ಲಿ ರಷ್ಯಾದ ಕಜಾನಿನಲ್ಲಿ, ನೀರಿನ ತಂತ್ರಜ್ಞಾನದ ವಿಭಾಗದಲ್ಲಿ. 2024ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ನಮ್ಮ ದೇಶಕ್ಕೆ ನಾಲ್ಕು ಕಂಚು ಬಂದವು. ಕೇರಳವೂ ತನ್ನದೇ ರಾಜ್ಯ ಮಟ್ಟದ ಇಂಡಿಯಾ ಸ್ಕಿಲ್ಸ್ ಸ್ಪರ್ಧೆಯನ್ನು 2018ರಲ್ಲಿ ಕೊಚ್ಚಿಯಲ್ಲಿ ನಡೆಸಿತು.

ಇಂಥ ಸ್ಪರ್ಧೆಗಳಿಂದ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ವಿಶೇಷ ಲಾಭವಿದೆ. ಚರ್ಚೆ, ಕ್ವಿಜ್‌ಗಳಲ್ಲಿ ಕಾಸರಗೋಡು ದಾಟಿದ ಕೂಡಲೇ ಮಕ್ಕಳಿಗೆ ಭಾಷೆಯೇ ಗೋಡೆಯಾಗುತ್ತದೆ. ಮರದ ಮುಂದೆ ಆ ಗೋಡೆ ಇಲ್ಲ. ಉಳಿಗೆ ಕನ್ನಡದಲ್ಲೂ ಉಳಿ, ಮಲಯಾಳದಲ್ಲೂ ಉಳಿ. ನಮ್ಮ ಬಾಚಿ ಅವರ ವಾಚ್ಚಿ. ಕೋಲು ಇಬ್ಬರಿಗೂ ಕೋಲೇ. ಸಂದಿನಲ್ಲಿ ಎಷ್ಟು ಎಡೆ ಉಳಿದಿದೆ ಎಂದು ನೋಡುವ ತೀರ್ಪುಗಾರನಿಗೆ ಮಗುವಿನ ಮಾತೃಭಾಷೆ ಕಾಣುವುದಿಲ್ಲ.

ವಸ್ತು ಯಾರಿಗೆ?

ಹೀಗೆ ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಕಾಲ ಸುಮಾರಾಗಿ ಉತ್ತರ ಕೊಟ್ಟಿದೆ. ಕಸುಬು ಒಂದು ಕುಲದ್ದಲ್ಲ, ಕಲಿಯುವ ಹಕ್ಕು ಎಲ್ಲರಿಗೂ ಇದೆ. ಮೂರನೆಯದು ಬಾಕಿ ಉಳಿದಿದೆ. ಸ್ಪರ್ಧೆಯಲ್ಲಿ ಮಾಡಿದ ವಸ್ತು ಯಾರಿಗೆ?

ಮೂರು ಗಂಟೆಯ ಸ್ಪರ್ಧೆಯಲ್ಲಿ ಮಗು ಪ್ರದರ್ಶನಕ್ಕೆ ಚೆಂದ ಕಾಣುವ ಪುಟ್ಟ ವಸ್ತುವನ್ನೇ ಆರಿಸಿಕೊಳ್ಳುವುದು ಸಹಜ. ಗ್ರೇಡ್ ಸಿಗುತ್ತದೆ, ಪ್ರಮಾಣಪತ್ರ ಸಿಗುತ್ತದೆ. ವಸ್ತು ಚೀಲದೊಳಗೆ ಮನೆಗೆ ಹೋಗಿ ಕಪಾಟಿನ ಮೇಲೆ ಧೂಳು ಹಿಡಿಯುತ್ತದೆ. ಇದು ಆ ತೂರ್ ಪಟ್ಟಣದ ಮೆಟ್ಟಿಲಿನ ಹಾಗೆಯೇ ಅಲ್ಲವೇ? ಇನ್ನೊಂದು ಅನ್ಯಾಯವೂ ಇದೆ. ಮರ, ಹತ್ಯಾರು ಎರಡನ್ನೂ ಮಗುವೇ ತರಬೇಕಾದ್ದರಿಂದ, ಮನೆಯಲ್ಲಿ ಉಳಿ ಇದ್ದವನಿಗೆ ದಾರಿ ಸುಲಭ. ಇಲ್ಲದವನು ಸಾಲ ಕೇಳಬೇಕು. ಮುಂಬಾಗಿಲಿನಿಂದ ಹೊರಗೆ ಹಾಕಿದ ಕುಲಕಸುಬು ಹಿಂಬಾಗಿಲಿನಿಂದ ಒಳಗೆ ಬಂದ ಹಾಗೆ.

ಇದಕ್ಕೆ ಬೇರೆ ದಾರಿ ಇದೆ ಎಂದು ಕೇರಳ ಒಮ್ಮೆ ಕಣ್ಣಾರೆ ನೋಡಿದೆ. 2018ರ ಆಗಸ್ಟಿನ ಮಹಾಪ್ರಳಯ ಇಳಿದ ಮೇಲೆ ರಾಜ್ಯದ ಐಟಿಐಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಹರಿತ ಕೇರಳಂ ಮಿಶನಿನ ಜೊತೆ ಸೇರಿ ನೈಪುಣ್ಯ ಕರ್ಮಸೇನೆಯಾಗಿ ಹೊರಟರು. ನೀರು ನುಗ್ಗಿದ ಮನೆಗಳ ವೈರಿಂಗು, ನಲ್ಲಿ, ಮರದ ಕೆಲಸ ಎಲ್ಲವನ್ನೂ ಉಚಿತವಾಗಿ ಸರಿಪಡಿಸಿಕೊಟ್ಟರು. ಅದೇ ವರ್ಷದ ಏಪ್ರಿಲಿನಲ್ಲಿ ಕೊಚ್ಚಿಯಲ್ಲಿ ಪದಕಕ್ಕಾಗಿ ಕೈಚಳಕ ತೋರಿಸಿದ್ದರು. ಆಗಸ್ಟಿನಲ್ಲಿ ಪದಕವಿಲ್ಲದ ಪರೀಕ್ಷೆ ಬಂತು. ಬಾಗಿಲು ಮುಚ್ಚುತ್ತದೋ ಇಲ್ಲವೋ ಎಂದು ಅಂಕ ಹಾಕಿದವಳು ಆ ಮನೆಯ ಗೃಹಿಣಿ. ನಮ್ಮ ಹಳ್ಳಿಯ ಹಳೆಯ ಕ್ರಮ ಹಾಗೆ ಮರಳಿ ಬಂದಿತ್ತು, ಕುಲದ ಬೇಲಿ ಇಲ್ಲದೆ.

ಇದನ್ನು ಪ್ರಳಯಕ್ಕೆ ಕಾಯದೆ ಮಾಡಬಹುದಲ್ಲವೇ? ಸ್ಪರ್ಧೆಯ ವಿಷಯವೇ ಅಂಗನವಾಡಿಗೆ ಒಂದು ಮಣೆ, ಗ್ರಂಥಾಲಯಕ್ಕೆ ಒಂದು ಪುಸ್ತಕದ ಹಲಗೆ, ಬಸ್ ನಿಲ್ದಾಣಕ್ಕೆ ಒಂದು ಬೆಂಚು ಎಂದಿರಲಿ. ಮರವನ್ನು ಪಂಚಾಯತು ಕೊಡಲಿ, ಹತ್ಯಾರಿನ ಒಂದು ಪೆಟ್ಟಿಗೆ ಪ್ರತಿ ಶಾಲೆಯಲ್ಲೂ ಇರಲಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಸುಬುದಾರರಿಗೆ ಹತ್ಯಾರಿಗೆಂದು 15,000 ರೂಪಾಯಿಯ ನೆರವು ಇಟ್ಟಿದ್ದಾರೆ. ಬಡಗಿಗಳೂ ಆ 18 ಕಸುಬುಗಳಲ್ಲಿ ಸೇರಿದ್ದಾರೆ. ಶಾಲೆಯ ಮಗುವಿಗೂ ಒಂದು ಉಳಿ, ಒಂದು ಗರಗಸ ಕೊಡಿಸುವುದು ಊರಿಗೆ ಭಾರವಾಗದು. ಊರಿನ ಹಿರಿಯ ಆಚಾರಿಯವರನ್ನೇ ತೀರ್ಪುಗಾರರಾಗಿ ಕರೆದರೆ ಅವರಿಗೂ ಮರ್ಯಾದೆ, ಮಕ್ಕಳಿಗೂ ಪಾಠ.

ದೇಲಂಪಾಡಿಯಂಥ ಊರಿನಲ್ಲಿ ಮರಕ್ಕೆ ಬರವಿಲ್ಲ, ಹಲಸಿಗಂತೂ ಇಲ್ಲವೇ ಇಲ್ಲ. ಬರವಿರುವುದು ಕೈಗೆ. ಉಳಿ ಹಿಡಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ, ಪ್ಲಾಸ್ಟಿಕ್ ಕುರ್ಚಿ ಎಲ್ಲ ಕಡೆ ಬಂದಿದೆ. ಮುಂದಿನ ಬಾರಿ ನಿಮ್ಮ ಹತ್ತಿರದ ಶಾಲೆಯಲ್ಲಿ ವೃತ್ತಿ ಪರಿಚಯ ಮೇಳ ನಡೆದರೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ ನೋಡಿ. ಮರದ ಕೆಲಸದ ಕೋಣೆ ಹುಡುಕುವುದು ಕಷ್ಟವಲ್ಲ, ಕೊಡತಿಯ ಸದ್ದು ಕೇಳಿಸುತ್ತದೆ. ಅಲ್ಲಿ ಕೂತ ಮಗುವನ್ನು ಎಷ್ಟನೇ ಸ್ಥಾನ ಬಂತು ಎಂದು ಕೇಳುವ ಮೊದಲು, ನಮ್ಮ ಅಂಗನವಾಡಿಗೆ ಒಂದು ಮಣೆ ಮಾಡಿಕೊಡುತ್ತೀಯಾ ಎಂದು ಕೇಳಿ.